ಕೆಜಾಯಾಳ ಪೈ ನಿರ್ದೋಷಿ

ಮದುವೆಯಾಗಿ ಇಷ್ಟು ವರ್ಷವಾದರೂ ಅತ್ತೆ ತನ್ನ ಕೈಯಡುಗೆಯ ಒಂದು ತುತ್ತನ್ನೂ ಬಾಯಿಗಿಟ್ಟಿಲ್ಲವಲ್ಲ ಎಂಬುದೇ ಎನಿಡ್‌ಳ ಸಂಕಟ. ಲ್ಯಾಂಕಷೈರಿನ ಆ ಗಿರಣಿಯೂರಿನಲ್ಲಿ ಭಾನುವಾರ ಬಂತೆಂದರೆ ಮರ್ಟಲ್ ಅತ್ತೆ ಟೋಪಿ ಧರಿಸಿ ಮಗನ ಮನೆಗೆ ಊಟಕ್ಕೆ ಬರುವರು. ಬರುವಾಗ ತಮ್ಮ ಸ್ಯಾಂಡ್‌ವಿಚ್ಚನ್ನು ತಾವೇ ಡಬ್ಬಿಯಲ್ಲಿ ತರುವರು. (ಚಹಾ ಮಾತ್ರ ಕುಡಿಯುವರು, ಅದೂ ಮಗ ಮೊದಲು ಕುಡಿದು ಬದುಕಿದ ಮೇಲೆ.)

ಕಾರಣ ಹಳೆಯದು. ಮರ್ಟಲ್‌ರ ಗಂಡನ ಅಜ್ಜ ಜೇಬೆಜ್, ಊರ ಪುಟ್ಟ ಚರ್ಚಿನ ಚಹಾಕೂಟದಲ್ಲಿ, ಎನಿಡ್‌ಳ ಮುತ್ತಜ್ಜಿ ಕೆಜಾಯಾ ಹಿಟ್ಟಿನ ಹೊದಿಕೆಯೊಳಗೆ ಹಂದಿಮಾಂಸ ತುಂಬಿ ಬೇಯಿಸಿದ ಪೈ ತಿಂದು ಮಾರನೆಯ ದಿನವೇ ತೀರಿಕೊಂಡನಂತೆ. ಅಂದಿನಿಂದ ಆ ವಂಶದವರಿಗೆ ಈ ವಂಶದ ಅಡುಗೆಯೆಂದರೆ ಸಾಕ್ಷಾತ್ ಯಮನ ಔತಣ.

ಒಂದು ದಿನ ಎನಿಡ್‌ಗೆ ತಡೆಯಲಾಗಲಿಲ್ಲ. ಶುಲ್ಕ ಕಟ್ಟಿ ಜೇಬೆಜ್‌ನ ಮರಣಪತ್ರದ ನಕಲು ತರಿಸಿದಳು. ಸಾವಿನ ಕಾರಣವೆಂದು ಅದರಲ್ಲಿ ಬರೆದಿತ್ತು: 'ಥೈಸಿಸ್, ಎರಡು ವರ್ಷ.'

"ವಿಷಕ್ಕೆ ಗ್ರೀಕಿನಲ್ಲಿ ಹಾಗಂತಾರೇನೋ," ಎಂದ ಗಂಡ ವಿಲ್ಫ್, ಪತ್ರಿಕೆಯಿಂದ ತಲೆಯೆತ್ತದೆ.

"ನಿಮ್ಮ ತಲೆ. ಎರಡು ವರ್ಷ ವಿಷ ತಿಂತಾ ಕೂತಿದ್ರಾ ನಿಮ್ಮ ಮುತ್ತಜ್ಜ?"

"ನಮ್ಮ ಮನೆತನದವರದು ಊಟ ನಿಧಾನ ಕಣೇ."

ಎನಿಡ್ ಕೋಟು ಏರಿಸಿ ಗ್ರಂಥಾಲಯಕ್ಕೆ ದಂಡೆತ್ತಿ ಹೋದಳು. ಹಳೆಯ ವೈದ್ಯಕೋಶವೊಂದನ್ನು ಕೆಳಗಿಳಿಸಿ ಪುಟ ಮಗುಚಿದಳು. ಮುಖ ಅರಳಿತು. "ಕ್ಷಯ," ಎಂದಳು, ತುಸು ಗಟ್ಟಿಯಾಗಿಯೇ. ಪಕ್ಕದಲ್ಲಿ ಕೂತಿದ್ದ ಮುದುಕ ಕುರ್ಚಿಯನ್ನು ದೂರಕ್ಕೆಳೆದುಕೊಂಡ.

ಭಾನುವಾರ ಮೇಜಿನ ನಡುವೆ ಪೈ ಸಿಂಹಾಸನವೇರಿತ್ತು. ಕೆಜಾಯಾಳದೇ ಹದ, ಹೊಂಬಣ್ಣದ ಹೊದಿಕೆ. ಅತ್ತೆ ಡಬ್ಬಿಯ ಮುಚ್ಚಳಕ್ಕೆ ಕೈಹಾಕುವಷ್ಟರಲ್ಲಿ ಎನಿಡ್ ಎದ್ದು ನಿಂತು ತೀರ್ಪು ಓದಿದಳು.

"ಕ್ಷಯ, ಅತ್ತೆ. ಎರಡು ವರ್ಷದಿಂದ ಇತ್ತು. ಪೈ ತಿಂದಿದ್ದು ಸಾಯೋ ಹಿಂದಿನ ದಿನ."

ಅತ್ತೆ ಕನ್ನಡಕ ಸರಿಪಡಿಸಿಕೊಂಡು ಕಾಗದವನ್ನು ಹಿಂದೆಮುಂದೆ ನೋಡಿದರು.

"ಕ್ಷಯ ಇದ್ದಿರಬಹುದು. ಅಂಚಿನಲ್ಲಿ ನಿಂತಿದ್ದವನನ್ನ ಪೈ ನೂಕಿರಬಹುದಲ್ಲ."

"ನೂಕಿದ್ರೆ ಡಾಕ್ಟರು ಬರೀತಿದ್ರು. ರುಜು ಹಾಕಿದಾರೆ ನೋಡಿ. ಎಲ್ಲಿದೆ ಪೈ ಹೆಸರು?"

ಅತ್ತೆ ಹುಡುಕಿದರು. ಇರಲಿಲ್ಲ. ಸರ್ಕಾರದ ಮುದ್ರೆ ಮಾತ್ರ ಢಾಳಾಗಿತ್ತು, ಮತ್ತು ಮರ್ಟಲ್ ಸರ್ಕಾರದ ಮುದ್ರೆಗೆ ಎದುರಾಡಿದವರಲ್ಲ.

"ಒಂದು ಚೂರು ಹಾಕು," ಎಂದರು, ಗಲ್ಲಿಗೆ ಹೊರಟವರ ದನಿಯಲ್ಲಿ.

ಚೂರು ಹೋಯಿತು. ಹೋಳು ಹೋಯಿತು. ಇನ್ನೊಂದು ಹೋಳಿಗೆ ತಟ್ಟೆ ತಾನಾಗಿಯೇ ಮುಂದೆ ಬಂತು. ಪೈ ಅತ್ತೆಯ ಗಂಟಲಲ್ಲಿ ಇಳಿದಷ್ಟೂ ಮುತ್ತಜ್ಜಿಯ ಮಾನ ಏರುತ್ತಿತ್ತು.

ಕೊನೆಗೆ ಅತ್ತೆ ಬಾಯೊರೆಸಿಕೊಂಡು, "ನಿನ್ನ ಮುತ್ತಜ್ಜಿಗೆ ಅನ್ಯಾಯ ಆಯ್ತು ಕಣೇ. ನನಗೆ ಅದಕ್ಕಿಂತ ಜಾಸ್ತಿ," ಎಂದು ಎದ್ದವರು ನೇರ ಫೋನಿನ ಹತ್ತಿರ ಹೋಗಿ ಇನ್ನೊಬ್ಬ ಮಗನಿಗೆ ಕರೆ ಮಾಡಿದರು.

"ಕ್ಲಾರೆನ್ಸ್, ಅಮ್ಮ ಕಣೋ. ಎನಿಡ್ ಮಾಡಿದ ಪೈ ತಿಂದೆ. ಇಲ್ಲ, ಬದುಕಿದೀನಿ. ಬರೋ ಭಾನುವಾರ ನೀವೆಲ್ಲ ಇಲ್ಲಿಗೇ ಬನ್ನಿ. ಹೂಂ, ಮಕ್ಕಳನ್ನೂ. ನಿನ್ನ ಹೆಂಡತಿ ಕಡೆಯವರೂ ಬರಲಿ. ಇನ್ಮೇಲೆ ಪ್ರತಿ ವಾರ ಊಟ ಇಲ್ಲೇ ಅಂತ ನಿನ್ನ ಅಕ್ಕನಿಗೂ ಹೇಳ್ಬಿಡು."

ವಿಲ್ಫ್ ಹೆಂಡತಿಯ ಕಡೆ ಬಾಗಿ ಪಿಸುಗುಟ್ಟಿದ: "ಗೆದ್ದೆ ಬಿಡೇ."

"ಗೆದ್ದೆ," ಎಂದಳು ಎನಿಡ್, ಹೊಳೆಯುವ ಮುಖದಲ್ಲೇ ಅಂಗಿಯ ತೋಳು ಮಡಚುತ್ತ. "ಬಾಗಿಲ ಹಿಂದೆ ಇನ್ನೊಂದು ಏಪ್ರನ್ ಇದೆ. ಕಟ್ಕೊಳ್ಳಿ."