ಬಂಪರಿಗೆ ಕಟ್ಟಿದ ನಿಂಬೆಹಣ್ಣನ್ನು ಖಾಸಗಿ ವಿಮೆಯೆಂದು ಪರಿಗಣಿಸುವ ಬಗ್ಗೆ

ಸರಕಾರಿ ಮೋಟಾರು ವಿಮಾ ಕಚೇರಿ
ಮುಂಬಯಿ ಶಹರ ಮತ್ತು ಉಪನಗರ ವಿಭಾಗ

ಸುತ್ತೋಲೆ ಕ್ರಮಾಂಕ: ಮೋವಿ/ನಿಂಬೆ/೧೧೭/೫೮
ಮುಂಬಯಿ, ತಾರೀಖು ೧೪ ಜೂನ್ ೧೯೫೮

ವಿಷಯ: ಟ್ಯಾಕ್ಸಿ ಮತ್ತು ಖಾಸಗಿ ಮೋಟಾರುಗಳ ಮುಂಭಾಗದಲ್ಲಿ ನಿಂಬೆಹಣ್ಣು, ಹಸಿಮೆಣಸಿನಕಾಯಿ ತೂಗುಹಾಕಿ ಸರಕಾರದ ವಿಮಾ ಏಕಸ್ವಾಮ್ಯಕ್ಕೆ ಭಂಗ ತರುತ್ತಿರುವುದು, ಹಾಗೂ ಸರಕಾರಿ ವಿಮೆಯ ಅನುಕೂಲ, ಅನನುಕೂಲಗಳ ಸ್ಪಷ್ಟೀಕರಣ.

ಓದಲಾಗಿದೆ:
(ಅ) ಸಯನ್ ನಿವಾಸಿ, ಟ್ಯಾಕ್ಸಿಯ ಮಾಲಕರೂ ಚಾಲಕರೂ ಆದ ಶ್ರೀ ಕೊರಗಪ್ಪ ಇವರ ಅರ್ಜಿ, ತಾ. ೧೦-೭-೧೯೫೭.
(ಆ) ಅವರವೇ ಒಂಬತ್ತು ಜ್ಞಾಪನಾ ಪತ್ರಗಳು.
(ಇ) ಅವರದೇ ಒಂದು ಪೋಸ್ಟ್ ಕಾರ್ಡು. ಇದರಲ್ಲಿ ಸಹಿಯ ಹೊರತು ಏನೂ ಬರೆದಿರುವುದಿಲ್ಲ.

ಪೀಠಿಕೆ:

ಕನ್ನಡ ಜಿಲ್ಲೆಗಳು ೧೯೫೬ರ ನವೆಂಬರಿನಲ್ಲಿ ಮೈಸೂರು ರಾಜ್ಯಕ್ಕೆ ಸೇರಿಹೋದ ಬಳಿಕವೂ ಈ ಕಚೇರಿಯ ಕನ್ನಡ ಶಾಖೆಯು ಅದೇ ಕುರ್ಚಿಗಳಲ್ಲಿ ಕುಳಿತೇ ಇದ್ದು, ಅದಕ್ಕೆ ಕೆಲಸವಿರಲಿಲ್ಲ. ಶ್ರೀ ಕೊರಗಪ್ಪ ಇವರ ಅರ್ಜಿಯು ಕನ್ನಡದಲ್ಲಿ ಬಂದುದರಿಂದ ಶಾಖೆಗೂ ಅರ್ಜಿಗೂ ಒಟ್ಟಿಗೇ ಗತಿ ಕಾಣಿಸಲು ಈ ಸುತ್ತೋಲೆಯನ್ನು ಕನ್ನಡದಲ್ಲಿ ಹೊರಡಿಸಲಾಗಿದೆ. ಒಬ್ಬನೇ ವ್ಯಕ್ತಿಯ ಮೇಲೆ ಸುತ್ತೋಲೆ ಹೊರಡಿಸಲು ನಿಯಮಗಳಲ್ಲಿ ಅವಕಾಶವಿಲ್ಲವಾದ್ದರಿಂದ ಇದು ನಗರದ ಎಲ್ಲರಿಗೂ ಅನ್ವಯಿಸುತ್ತದೆ.

೧. ಹಿನ್ನೆಲೆ. ಮೋಟಾರು ವಿಮೆಯು ಹಿಂದೆ ಖಾಸಗಿಯವರ ಕೈಯಲ್ಲಿತ್ತು. ಶ್ರೀ ಕೊರಗಪ್ಪ ಇವರು ಕೋಟೆ ಭಾಗದ ಒಂದು ಕಂಪೆನಿಯಲ್ಲಿ ಮೂರು ವರ್ಷ ಕಂತು ಕಟ್ಟಿ, ನಾಲ್ಕನೆಯ ವರ್ಷ ಕಟ್ಟಲು ಹೋದಾಗ ಆ ಜಾಗದಲ್ಲಿ ಟೈಪಿಂಗ್ ಕ್ಲಾಸು ನಡೆಯುತ್ತಿತ್ತು. ಆದುದರಿಂದ ಸರಕಾರವೇ ವಿಮೆ ಮಾಡುವುದೆಂದು ಪ್ರಕಟವಾದ ದಿನ ಅವರು ಸಯನ್ ಸ್ಟೇಷನ್ನಿನ ಸ್ಟ್ಯಾಂಡಿನಲ್ಲಿ ಎಲ್ಲ ಚಾಲಕರಿಗೂ ಪೇಡೆ ಹಂಚಿದರೆಂದು ತಿಳಿದುಬಂದಿದೆ. ಈ ಕಚೇರಿಯ ಸಿಬ್ಬಂದಿಗೂ ನಾಲ್ಕು ಪೇಡೆ ತಲುಪಿದ್ದು, ಅವು ದಾಖಲೆಯಲ್ಲಿ ಮಾತ್ರ ಉಳಿದಿವೆ. ಅರ್ಜಿದಾರರು ಸರಕಾರಿ ವಿಮೆಯ ವಿರೋಧಿಯಲ್ಲವೆಂಬುದನ್ನು ಗಮನಿಸಲಾಗಿದೆ.

೨. ಅಪಘಾತ. ತಾ. ೯-೭-೧೯೫೭ ಮಂಗಳವಾರ ಬೆಳಿಗ್ಗೆ ಹನ್ನೊಂದಕ್ಕೆ ಸದರಿ ಟ್ಯಾಕ್ಸಿಯು ಸ್ಟ್ಯಾಂಡಿನಲ್ಲಿ ನಿಂತಿರುವಾಗ ಒಂದು ಜೀಪು ಹಿಮ್ಮುಖವಾಗಿ ಬಂದು ಅದರ ಹಿಂಭಾಗಕ್ಕೆ ಬಡಿಯಿತು. ಜೀಪು ಈ ಕಚೇರಿಯದು. ಸ್ಟ್ಯಾಂಡಿನ ಟ್ಯಾಕ್ಸಿಗಳಿಗೆಲ್ಲ ವಿಮೆಯಿದೆಯೇ ಎಂದು ತಪಾಸಣೆ ಮಾಡಲು ಅದು ಹೋಗಿತ್ತು. ಜೀಪಿನಲ್ಲಿದ್ದ ಮೂವರು ಅಧಿಕಾರಿಗಳು ಪ್ರತ್ಯಕ್ಷ ಸಾಕ್ಷಿಗಳಾಗಬಹುದಿತ್ತಾದರೂ, ವಾಹನ ಹಿಂದಕ್ಕೆ ಹೋಗುವಾಗ ಚಾಲಕರ ಸಮೇತ ಎಲ್ಲರೂ ಮುಂದಕ್ಕೆ ನೋಡುತ್ತಿದ್ದುದರಿಂದ ಸಾಕ್ಷ್ಯ ದೊರೆಯಲಿಲ್ಲ. ಟ್ಯಾಕ್ಸಿಯನ್ನು ಪುರಾವೆಯಾಗಿ ಕಚೇರಿಯ ದಾದರ್ ಆವಾರಕ್ಕೆ ಎಳೆದು ತಂದು ಇರಿಸಲಾಯಿತು.

೩. ಪಂಚನಾಮೆ ಮಾಡುವಾಗ ಟ್ಯಾಕ್ಸಿಯ ಮುಂದಿನ ಬಂಪರಿಗೆ ಒಂದು ನಿಂಬೆಹಣ್ಣು ಮತ್ತು ಏಳು ಹಸಿಮೆಣಸಿನಕಾಯಿ ದಾರದಲ್ಲಿ ಪೋಣಿಸಿ ಕಟ್ಟಿದ್ದು ಕಂಡುಬಂದಿತು. ಅರ್ಜಿದಾರರ ಪತ್ನಿ ಶ್ರೀಮತಿ ರಾಜೀವಿ ಇವರ ಹೇಳಿಕೆಯನ್ನು ಅವರು ಆಡಿದಂತೆಯೇ ಬರೆದುಕೊಳ್ಳಲಾಗಿದೆ:

"ಶನಿವಾರ ಶನಿವಾರ ದಾದರ್ ಮಾರ್ಕೆಟಿಂದ ದುಡ್ಡು ಕೊಟ್ಟು ತಂದು ನಾನೇ ಕಟ್ಟುದು. ಗಾಡಿಗೆ ದೃಷ್ಟಿ ಆಗ್ಬಾರ್ದಲ್ಲ ಸಾಹೇಬ್ರೆ. ಏನೂ ಆಗ್ಬಾರ್ದು ಅಂತ ಕಟ್ಟುದು, ಆದ ಮೇಲೆ ಹಣ ಕೊಡ್ಲಿ ಅಂತ ಅಲ್ಲ. ಅದಕ್ಕೆ ನೀವು ಉಂಟಲ್ಲ?"

ಕೊನೆಯ ಪ್ರಶ್ನೆಯು ಹೇಳಿಕೆಯ ವ್ಯಾಪ್ತಿಗೆ ಬರುವುದಿಲ್ಲ. ಉಳಿದ ಭಾಗದಿಂದ ಮೂರು ಸಂಗತಿಗಳು ಸಿದ್ಧವಾಗುತ್ತವೆ: ಸದರಿ ನಿಂಬೆಹಣ್ಣು ಅಪಾಯದ ವಿರುದ್ಧ ರಕ್ಷಣೆಗೆಂದು ಇತ್ತು; ಅದಕ್ಕೆ ನಿಯಮಿತವಾಗಿ ಹಣ ಸಂದಾಯವಾಗುತ್ತಿತ್ತು; ಮತ್ತು ಅದನ್ನು ಅವಧಿ ಮುಗಿದಂತೆ ನವೀಕರಿಸಲಾಗುತ್ತಿತ್ತು. ಇವು ಮೂರೂ ವಿಮೆಯ ಲಕ್ಷಣಗಳಾಗಿರುತ್ತವೆ.

೪. ಆ ಪ್ರಕಾರ ನಿಂಬೆಹಣ್ಣನ್ನು ಪರವಾನಗಿಯಿಲ್ಲದ ಖಾಸಗಿ ವಿಮಾದಾರನೆಂದು ಇಂದಿನಿಂದ ಪರಿಗಣಿಸಲಾಗುವುದು. ಒಂದೇ ವಾಹನಕ್ಕೆ ಇಬ್ಬರು ವಿಮಾದಾರರಿದ್ದಲ್ಲಿ ನಷ್ಟವನ್ನು ಇಬ್ಬರೂ ಅರ್ಧರ್ಧ ಹೊರತಕ್ಕದ್ದು. ನಿಂಬೆಹಣ್ಣು ತನ್ನ ಪಾಲಿನ ಅರ್ಧವನ್ನು ಮೊದಲು ಸಲ್ಲಿಸಿದ ಬಗ್ಗೆ ಮೂರು ಪ್ರತಿಗಳಲ್ಲಿ ರಸೀದಿ ತಂದರೆ ಉಳಿದರ್ಧದ ಬಗ್ಗೆ ಈ ಕಚೇರಿಯು ಯೋಚಿಸಲು ಆರಂಭಿಸುವುದು.

೫. ನಿಂಬೆಹಣ್ಣು ಮುಂದೆ ಇದ್ದು ಪೆಟ್ಟು ಹಿಂದೆ ಬಿದ್ದುದರಿಂದ ಅದು ತನ್ನ ಅಧಿಕಾರ ವ್ಯಾಪ್ತಿಯಲ್ಲಿ ಕರ್ತವ್ಯಲೋಪ ಮಾಡಿಲ್ಲವೆಂದು ವಾದಿಸಬಹುದೆಂಬ ಸಂಶಯ ಮೇಲಧಿಕಾರಿಗಳಿಗೆ ಬಂದಿತು. ಎಂಜಿನಿಯರರನ್ನು ಕಳಿಸಿ ಅಳತೆ ಮಾಡಿಸಲಾಗಿ, ನಿಂಬೆಹಣ್ಣಿನಿಂದ ಹಿಂದಿನ ದೀಪಕ್ಕೆ ಹದಿಮೂರು ಅಡಿ ನಾಲ್ಕು ಇಂಚು ಇರುವುದು ಖಚಿತವಾಗಿದೆ. ದೃಷ್ಟಿಯು ಒಂದು ಸಲಕ್ಕೆ ಎಷ್ಟು ಅಡಿ ಚಲಿಸುತ್ತದೆ ಎಂಬ ಬಗ್ಗೆ ಪುಣೆಯ ಹವಾಮಾನದವರ ಅಭಿಪ್ರಾಯ ಕೇಳಲಾಗಿದೆ. ಉತ್ತರ ಬಂದಿಲ್ಲ.

೬. ನಿಂಬೆಹಣ್ಣಿಗೆ ನೋಟೀಸು. ಕಡತದಲ್ಲಿರುವ ಯಾವುದನ್ನೂ ಬಿಡದೆ ಅಚ್ಚು ಹಾಕಬೇಕೆಂಬ ಸ್ಥಾಯೀ ಆದೇಶದಂತೆ, ಕನ್ನಡ ಶಾಖೆಯ ಕಾರಕೂನ ಶ್ರೀ ಕಾಶಪ್ಪ ಇವರು ಕರಡಿನ ಅಂಚಿನಲ್ಲಿ ಪೆನ್ಸಿಲಿನಿಂದ ಬರೆದ ಷರಾವನ್ನು ಇಲ್ಲಿ ಕೊಡಲಾಗಿದೆ: "ಸಾಹೇಬರ, ಲಿಂಬಿಹಣ್ಣಿಗೆ ನೋಟೀಸು ಯಾವ ವಿಳಾಸಕ್ಕ ಕಳಸೂಣು? ಅದು ಒಣಗಿ ಹ್ವಾದ ವರ್ಷಾನಽ ಉದುರಿ ಬಿದ್ದೈತಿ. ಆ ಬಡವನ ಗಾಡಿ ಬಿಟ್ಟ ಬಿಡೂಣ್ರಿ." ಸದರಿ ಷರಾದ ಮೊದಲ ಭಾಗವನ್ನು ಪರಿಶೀಲಿಸಿ, ವಿಮಾದಾರನು ಲಭ್ಯವಿಲ್ಲದ ಕಾರಣ ಅವನ ಏಜೆಂಟರಿಗೆ, ಅಂದರೆ ದಾದರ್ ಮಾರ್ಕೆಟ್ಟಿನಲ್ಲಿ ನಿಂಬೆಹಣ್ಣು ಮಾರುವ ವಿಜಾಪುರದ ಕಡೆಯ ಶ್ರೀಮತಿ ಗಂಗುಬಾಯಿ ಇವರಿಗೆ, ನೋಟೀಸು ಜಾರಿ ಮಾಡಲಾಯಿತು. ಅವರ ಉತ್ತರ: "ನಾ ಲಿಂಬಿಹಣ್ಣ ಮಾರತೀನ್ರಿ, ಅದರ ಗುಣಾ ಮಾರಂಗಿಲ್ಲ. ತೊಗೊಳ್ಳೂದಿದ್ರ ತೊಗೊರಿ, ಇಲ್ಲಾಂದ್ರ ಗಿರಾಕಿಗೆ ದಾರಿ ಬಿಡ್ರಿ." ಹೊಣೆಗಾರಿಕೆಯನ್ನು ಇಷ್ಟು ಸ್ಪಷ್ಟವಾಗಿ ನಿರಾಕರಿಸಲು ಬಲ್ಲವರು ಅನುಭವಿ ವಿಮಾ ಏಜೆಂಟರೇ ಇರಬೇಕೆಂದು ಈ ಕಚೇರಿಯು ಅಭಿಪ್ರಾಯಪಟ್ಟಿದೆ.

೭. ಸಾರ್ವಜನಿಕರು ಇನ್ನು ಮುಂದೆ ಪಾಲಿಸತಕ್ಕ ನಿಯಮಗಳು:

(ಕ) ನಿಂಬೆಹಣ್ಣು ಕಟ್ಟಿರುವವರು ಅದರ ಸುತ್ತಳತೆ, ಬಣ್ಣ ಮತ್ತು ರಸದ ಅಂದಾಜು ಪ್ರಮಾಣವನ್ನು ನಮೂನೆ ೩೧ರಲ್ಲಿ ಘೋಷಿಸತಕ್ಕದ್ದು. ಮೆಣಸಿನಕಾಯಿ ಏಳಕ್ಕಿಂತ ಹೆಚ್ಚಿದ್ದಲ್ಲಿ ವಾಹನವನ್ನು ಅದರ ಬೆಲೆಗಿಂತ ಹೆಚ್ಚಿಗೆ ವಿಮೆ ಮಾಡಿಸಿದ ಅಪರಾಧವಾಗುವುದು.

(ಖ) ಒಳಗೆ ಒಂದು ದೇವರ ಪಟಕ್ಕೆ ಅಡ್ಡಿಯಿಲ್ಲ. ಎರಡಿದ್ದಲ್ಲಿ ಯಾವ ದೇವರು ಎಂಜಿನ್ನಿಗೆ, ಯಾವ ದೇವರು ಟೈರುಗಳಿಗೆ ಎಂಬುದನ್ನು ಮೊದಲೇ ಬರೆದು ಕೊಡತಕ್ಕದ್ದು.

(ಗ) ಅಪಘಾತ ಮಾಡಿಕೊಳ್ಳುವವರು ಹದಿನೈದು ದಿನ ಮುಂಚಿತವಾಗಿ ಲಿಖಿತ ಸೂಚನೆ ನೀಡತಕ್ಕದ್ದು. ಆಕಸ್ಮಿಕ ಅಪಘಾತಗಳಿಗೆ ಮೂರು ದಿನ ಸಾಕು.

(ಘ) ಗೆಜೆಟೆಡ್ ಅಧಿಕಾರಿಗಳ ಮೋಟಾರಿಗೆ ನಿಂಬೆಹಣ್ಣು ಕಟ್ಟಿದ್ದು ಕಂಡುಬಂದರೆ ಅದನ್ನು ಮಾರ್ಕೆಟ್ಟಿನಿಂದ ಮನೆಗೆ ಸಾಗುತ್ತಿರುವ ತರಕಾರಿಯೆಂದು ತಿಳಿಯತಕ್ಕದ್ದು.

೮. ಸರಕಾರಿ ವಿಮೆಯ ಅನುಕೂಲಗಳು. ಖಾಸಗಿ ಕಂಪೆನಿ ಓಡಿಹೋಗಬಹುದು. ಈ ಕಚೇರಿಯನ್ನು ನೂಕಿದರೂ ಅದು ಅಲುಗಾಡುವುದಿಲ್ಲ. ಖಾಸಗಿ ಏಜೆಂಟನು ಮನೆಗೆ ಬಂದು ಹೊಗಳಿ ಚಹಾ ಕುಡಿಯುತ್ತಾನೆ. ಸರಕಾರಿ ನೌಕರನು ಬರುವುದಿಲ್ಲವಾದ್ದರಿಂದ ಸಕ್ಕರೆ ಉಳಿಯುತ್ತದೆ. ಮಲಬಾರ್ ಹಿಲ್ಲಿನ ದೊಡ್ಡ ಮೋಟಾರಿನ ಧಣಿಗೂ ಸಯನ್ನಿನ ಟ್ಯಾಕ್ಸಿಯವನಿಗೂ ಇಲ್ಲಿ ಒಂದೇ ಕಿಟಕಿ, ಒಂದೇ ಸಾಲು. ಧಣಿಯ ಪರವಾಗಿ ಅವರ ಗುಮಾಸ್ತನು ನಿಲ್ಲುವುದರಿಂದಲೂ, ಗುಮಾಸ್ತನು ಹಿಂಬಾಗಿಲಿನಿಂದ ಬರುವುದರಿಂದಲೂ ಸಮಾನತೆಗೆ ಭಂಗವಿಲ್ಲ. ಎಲ್ಲಕ್ಕಿಂತ ಮಿಗಿಲಾಗಿ, ಡಿಕ್ಕಿ ಹೊಡೆಯುವವರು, ವಿಚಾರಣೆ ಮಾಡುವವರು ಮತ್ತು ಪರಿಹಾರ ಕೊಡದಿರುವವರು ಒಂದೇ ಕಟ್ಟಡದಲ್ಲಿ ಸಿಗುವುದರಿಂದ ಸಾರ್ವಜನಿಕರಿಗೆ ಟ್ರಾಮಿನ ಖರ್ಚು ಉಳಿಯುತ್ತದೆ. ಅನನುಕೂಲಗಳನ್ನು ನಮೂನೆ ೪೦ರಲ್ಲಿ ಮಾತ್ರ ಸ್ವೀಕರಿಸಲಾಗುವುದು. ಕಾಗದದ ಅಭಾವದಿಂದ ನಮೂನೆ ೪೦ ಇನ್ನೂ ಅಚ್ಚಾಗಿಲ್ಲ. ಈ ತನಕ ಒಂದೂ ಅನನುಕೂಲ ವರದಿಯಾಗದಿರುವುದು ಸಂತೋಷದ ವಿಷಯ.

೯. ಟ್ಯಾಕ್ಸಿಯ ಸದ್ಯದ ಸ್ಥಿತಿ. ಹನ್ನೊಂದು ತಿಂಗಳಿಂದ ಅದು ಆವಾರದಲ್ಲಿ ಸುರಕ್ಷಿತವಾಗಿದೆ. ನಾಲ್ಕು ಟೈರುಗಳೂ ಇಳಿದಿದ್ದು, ಅವು ಕಳುವಾಗುವ ಭಯವಿಲ್ಲ. ಮಧ್ಯಾಹ್ನ ಹಿಂದಿನ ಸೀಟಿನಲ್ಲಿ ಕುಳಿತು ಡಬ್ಬಿ ಬಿಚ್ಚುವ ಸಿಬ್ಬಂದಿಯು ಪುರಾವೆಯ ಮೇಲೆ ಉಪ್ಪಿನಕಾಯಿ ಬೀಳದಂತೆ ನೋಡಿಕೊಳ್ಳಬೇಕೆಂದು ಎಚ್ಚರಿಸಲಾಗಿದೆ.

೧೦. ಶ್ರೀ ಕೊರಗಪ್ಪ ಇವರು ಕಳೆದ ತಿಂಗಳು ಕಚೇರಿಗೆ ಖುದ್ದಾಗಿ ಬಂದು, ನಿಂತುಕೊಂಡೇ ಕೆಳಗಿನಂತೆ ಹೇಳಿದರು:

"ಪರಿಹಾರ ಬೇಡ ಸಾಹೇಬ್ರೆ, ಅರ್ಜಿ ವಾಪಸ್ ತಗೊಳ್ತೇನೆ. ನನ್ನ ಗಾಡಿ ಹೇಗುಂಟೋ ಹಾಗೇ ಕೊಡಿ. ಹಿಂದಿನ ತಗಡಿನ ಪತ್ರಾ ನಾನೇ ಹತೋಡಿಯಲ್ಲಿ ಕುಟ್ಟಿ ಸರಿ ಮಾಡ್ತೇನೆ. ಧಂದಾ ನಿಂತು ಹತ್ತು ತಿಂಗಳಾಯ್ತು. ಹೆಂಡತಿ ಎಷ್ಟು ದಿನ ಅಂತ ಬೇರೆಯವರಿಗೆ ಹಪ್ಪಳ ಲಟ್ಟಿಸುದು? ಆ ಕಂಪೆನಿಯವ ಓಡಿ ಹೋದ, ಸರಕಾರ ಓಡಿ ಹೋಗುದಿಲ್ಲ ಅಂತ ಧೈರ್ಯ ಇತ್ತು. ಈಗ ಖೋಲಿ ಬಿಟ್ಟು ಊರಿಗೆ ಓಡಬೇಕಾದ್ದು ನಾನು."

ಇದನ್ನು ಕೇಳಿ ಈ ಕಚೇರಿಗೆ ವಿಷಾದವಾಯಿತು. ವಿಷಾದಕ್ಕೆ ಪ್ರಸಕ್ತ ಸಾಲಿನಲ್ಲಿ ಮಂಜೂರಾತಿಯಿಲ್ಲ.

೧೧. ಅರ್ಜಿ ಹಿಂತೆಗೆದುಕೊಳ್ಳಬೇಕಾದರೆ ವಾಹನವನ್ನು ಚಾಲನಾ ಸ್ಥಿತಿಯಲ್ಲಿ, ಚಾಲ್ತಿಯಲ್ಲಿರುವ ವಿಮೆಯೊಂದಿಗೆ ಅಧಿಕಾರಿಗಳ ಮುಂದೆ ಹಾಜರುಪಡಿಸತಕ್ಕದ್ದು. ಅರ್ಜಿದಾರರ ವಿಮೆಯು ವಾಹನವು ಆವಾರದಲ್ಲಿದ್ದಾಗಲೇ, ಕಳೆದ ಮಾರ್ಚ್ ೩೧ಕ್ಕೆ, ಮುಗಿದಿರುತ್ತದೆ. ನವೀಕರಣಕ್ಕೆ ವಾಹನ ತಪಾಸಣೆ ಅಗತ್ಯ. ಆವಾರದಲ್ಲಿರುವ ಪುರಾವೆಯ ತಪಾಸಣೆಗೆ ಅವಕಾಶವಿಲ್ಲ. ವಿಮೆಯಿಲ್ಲದ ವಾಹನವನ್ನು ಸರಕಾರಿ ಸ್ಥಳದಲ್ಲಿ ಎಪ್ಪತ್ತೈದು ದಿನಗಳಿಂದ ನಿಲ್ಲಿಸಿರುವುದಕ್ಕೆ ಶ್ರೀ ಕೊರಗಪ್ಪ ಇವರಿಗೆ ದಿನವಹಿ ದಂಡ ವಿಧಿಸಲಾಗಿದ್ದು, ಅದು ತೀರುವವರೆಗೆ ವಾಹನವನ್ನು ಬಿಟ್ಟುಕೊಡಲಾಗುವುದಿಲ್ಲ.

೧೨. ಈ ಸುತ್ತೋಲೆಯ ಅರ್ಥದ ಬಗ್ಗೆ ಸಂಶಯ ಬಂದವರು ಅದನ್ನು ತಮ್ಮಲ್ಲೇ ಇರಿಸಿಕೊಳ್ಳಲು ಆದೇಶಿಸಲಾಗಿದೆ.

(ಸಹಿ ಓದಲಾಗುವುದಿಲ್ಲ)
ಉಪ ನಿಯಂತ್ರಕರ ಪರವಾಗಿ, ರಜೆಯಲ್ಲಿರುವ ಸಹಾಯಕ ನಿಯಂತ್ರಕರು

ಪ್ರತಿಗಳು:

೧. ಸಯನ್, ದಾದರ್, ಘಾಟ್ಕೋಪರ್ ಟ್ಯಾಕ್ಸಿ ಸ್ಟ್ಯಾಂಡುಗಳಿಗೆ: ಗೋಡೆಗೆ ಅಂಟಿಸಲು. ಗೋಡೆಯಿಲ್ಲದಲ್ಲಿ ಕಟ್ಟಿಸಿ ಅಂಟಿಸಲು.

೨. ಕಚೇರಿಯ ಜೀಪು ಚಾಲಕರಿಗೆ: ಹಿಂದೆ ನೋಡುವುದಕ್ಕೆ ಪ್ರತ್ಯೇಕ ಹುದ್ದೆ ಮಂಜೂರಾಗುವವರೆಗೆ ಈಗಿನಂತೆಯೇ ಮುಂದುವರಿಯಲು.

೩. ಶ್ರೀಮತಿ ಗಂಗುಬಾಯಿ, ದಾದರ್ ಮಾರ್ಕೆಟ್: ಹಣ್ಣು ಕಟ್ಟಿಕೊಡಲು ಈ ಕಾಗದವನ್ನು ಬಳಸದಿರುವಂತೆ ತಾಕೀತಿನೊಂದಿಗೆ.

೪. ಶ್ರೀ ಕಾಶಪ್ಪ, ಕನ್ನಡ ಶಾಖೆ: ಅವರ ಷರಾದ ಎರಡನೆಯ ಭಾಗಕ್ಕೆ ಲಿಖಿತ ವಿವರಣೆ ಸಲ್ಲಿಸಲು.

೫. ಶ್ರೀ ಕೊರಗಪ್ಪ: ಖೋಲಿ ಖಾಲಿ ಮಾಡಿ ಹೋಗಿದ್ದಾರೆ, ವಿಳಾಸ ಗೊತ್ತಿಲ್ಲ ಎಂಬ ಷರಾದೊಂದಿಗೆ ದಂಡದ ನೋಟೀಸು ಅಂಚೆಯಿಂದ ಹಿಂದಿರುಗಿ ಬಂದಿರುವುದರಿಂದ, ಅವರ ಪ್ರತಿಯನ್ನು ಅವರದೇ ಟ್ಯಾಕ್ಸಿಯ ಚಾಲಕನ ಸೀಟಿನ ಮೇಲೆ ಇರಿಸಿ, ತಲುಪಿದೆಯೆಂದು ನಮೂದಿಸಲಾಗಿದೆ. ಅವರು ಬಂದಲ್ಲಿ ಆವಾರದೊಳಗೆ ಬಿಡತಕ್ಕದ್ದಲ್ಲ.