ಕೈ ಮಾಡಿದಲ್ಲಿ ನಿಲ್ಲುವ ಗಾಡಿ

ನಮ್ಮ ಸೋದರಮಾವನಷ್ಟು ಮೆಲ್ಲಗೆ ರೈಲು ಓಡಿಸಿದ ಮನುಷ್ಯ ಈ ಭೂಮಿಯ ಮೇಲೆ ಇನ್ನೊಬ್ಬನಿಲ್ಲ. ಇದನ್ನು ನಾಚಿಕೆಯಿಂದಲ್ಲ, ಹೆಮ್ಮೆಯಿಂದ ಹೇಳುತ್ತಿದ್ದೇನೆ! ಎಮ್ಮೆಗಳು ಅವನ ಗಾಡಿಯನ್ನು ಹಿಂದೆ ಹಾಕಿ ಹೋದದ್ದನ್ನು ನಾನೇ ಕಣ್ಣಾರೆ ಕಂಡಿದ್ದೇನೆ. ಎಮ್ಮೆಗಳೂ ಆಮೇಲೆ ಸಂಕೋಚಪಟ್ಟು ನಿಂತವು.

ರೈಲು ಎಂದರೆ ವಾಡಿ ಜಂಕ್ಷನ್ನಿನ ದೊಡ್ಡ ರೈಲಲ್ಲ. ಶಹಾಬಾದದ ಕಲ್ಲಿನ ಖಣಿಯ ಸಣ್ಣ ಹಳಿ, ಆಳೆತ್ತರದ ಡೀಸೆಲ್ ಎಂಜಿನ್ನು, ಹಿಂದೆ ಕಲ್ಲಿನ ಡಬ್ಬಿಗಳು, ಕೊನೆಗೆ ಬೆಂಚು ಹಾಕಿದ ಎರಡು ಡಬ್ಬಿ. ಕಲ್ಲು ಪಾಲಿಶ್ ಮಾಡುವ ಕೆಲಸಕ್ಕೆ ಹೋಗುವ ಹೆಣ್ಣುಮಕ್ಕಳು, ಮೊಸರು ಮಾರುವವರು, ಶಾಲೆಯ ಹುಡುಗಿಯರು ಎಲ್ಲರೂ ಅದರಲ್ಲೇ ಊರಿಗೆ ಬರುತ್ತಿದ್ದರು. ಹಳಿ ರಸ್ತೆಯ ಮಗ್ಗುಲಿಗೇ, ನೆಲದ ಮೇಲೆಯೇ. ಸ್ಟೇಷನ್ನಿಲ್ಲ, ಮೆಟ್ಟಿಲಿಲ್ಲ. ಎಲ್ಲಿ ಕೈ ಮಾಡಿದರೆ ಅಲ್ಲೇ ಸ್ಟೇಷನ್.

ನಾನು ಮಾವನ ಮನೆಯಲ್ಲಿದ್ದುಕೊಂಡು ಊರಿನ ಹೆಣ್ಣುಮಕ್ಕಳ ಶಾಲೆಯಲ್ಲಿ ಪಾಠ ಹೇಳುತ್ತಿದ್ದೆ. ಐದಕ್ಕೆ ಏಳುವುದು, ಐದೂಕಾಲಿಗೆ ಅಂಗಳ ಗುಡಿಸುವುದು, ಆರಕ್ಕೆ ಸ್ನಾನ. ನನ್ನನ್ನು ನೋಡಿ ಓಣಿಯವರು ಗಡಿಯಾರ ಸರಿಮಾಡಿಕೊಳ್ಳುತ್ತಿದ್ದರು. ಇಂಥವಳು ದಿನಾ ಇಂಥ ಗಾಡಿಯಲ್ಲಿ! ನನ್ನ ಕಷ್ಟ ಯಾರಿಗೆ ಹೇಳಲಿ?

“ಮಾಮಾ, ಸಾಲಿ ಗಂಟಿಗಿ ಎಂಟೇ ಮಿನಿಟ ಅದ!”

“ತಡಿ ಅಕ್ಕೋರ, ಪಾಲಿಶ್ ಕೆಲಸದಾಕಿ ರೊಟ್ಟಿಗಂಟು ಮರ್ತು ಬಂದಾಳ. ಓಡಿ ಹೋಗಿ ತರ್ತಾಳ.”

“ರೊಟ್ಟಿ ಸಲುವಾಗಿ ರೈಲು ನಿಲ್ತದೇನು?”

“ರೊಟ್ಟಿ ಸಲುವಾಗೇ ಹೊಂಟದ. ಮತ್ಯಾದಕ್ಕ ಹೊಂಟದ ಅಂತ ತಿಳಿದೀ?”

ಟೀಚರಿಗೆ ನಮ್ಮ ಕಡೆ ‘ಅಕ್ಕೋರು’ ಎನ್ನುವುದು ಗೌರವಕ್ಕೆ. ಮಾವ ಎನ್ನುತ್ತಿದ್ದುದು ನನ್ನನ್ನು ಕೆಣಕುವುದಕ್ಕೆ.

ಮಾವನಿಗೆ ಈ ಸಣ್ಣ ಗಾಡಿಯ ಹುಚ್ಚು ಹತ್ತಿದ್ದು ಮುಂಬೈಯಲ್ಲಿ. ಮದುವೆಯ ಸೀರೆ ತರಲು ಹೋದವನು ಅಲ್ಲಿ ಟ್ರಾಮು ನೋಡಿದ. ಮಂದಿಯ ನಡುವೆ, ಅಂಗಡಿಯ ಮುಂದೆ, ನೆಲದ ಮೇಲೆ ಓಡುವ ಸಣ್ಣ ರೈಲು! ಎರಡು ದಿನ ಅದರಿಂದ ಇಳಿಯಲೇ ಇಲ್ಲ. ಸೀರೆ ಮರೆತು, ಜೇಬಿನ ತುಂಬ ಟ್ರಾಮಿನ ಟಿಕೀಟು ತುಂಬಿಕೊಂಡು ಬಂದ. ಅತ್ತೆ ಮುಪ್ಪಾದರೂ ಆ ಮಾತು ಬಿಡಲಿಲ್ಲ. “ಆ ಟಿಕೀಟೇ ಹೊಲಿಸಿ ಉಟ್ಕೊಂಡು ಮದ್ವಿ ಆಗಬೇಕಿತ್ತು ನಾ!”

ಒಂದು ದಿನ ಪೇಪರಿನಲ್ಲಿ ಬಂತು: ಪರದೇಶದ ಶಹರಗಳಲ್ಲಿ ಕಂಬದ ಮೇಲೆ ಡ್ರೈವರೇ ಇಲ್ಲದ ರೈಲು ಓಡುತ್ತದೆ, ಸೆಕೆಂಡೂ ತಪ್ಪುವುದಿಲ್ಲ. ನನಗೆ ಸ್ವರ್ಗ ಕಂಡಂತಾಯಿತು. ದೊಡ್ಡ ದನಿಯಲ್ಲಿ ಓದಿದೆ.

ಮಾವ ಟೊಪ್ಪಿಗೆ ಹಾಕಿಕೊಂಡು ಎದ್ದ. ನನ್ನನ್ನು ವಾಡಿಗೆ ಕರೆದುಕೊಂಡು ಹೋಗಿ, ತಲೆಯ ಮೇಲೆ ಜೋಳದ ಬುಟ್ಟಿ ಹೊರಿಸಿ, ಸ್ಟೇಷನ್ನಿನ ಮೇಲ್ಸೇತುವೆ ಹತ್ತಿಸಿದ! ಕೆಳಗಿಳಿದು ನಾನು ಉಸಿರು ಹುಡುಕುತ್ತಿರುವಾಗ ಕೇಳಿದ:

“ಎಷ್ಟು ಮಿನಿಟ ಆಯ್ತು?”

“ಹ... ಹನ್ನೊಂದು.”

“ಕಂಬದ ಮ್ಯಾಲಿನ ರೈಲಿಗೂ ಹಿಂಗೇ ಹತ್ತಿ ಇಳೀಬೇಕು, ಇದು ನಿನ್ನ ಪೇಪರ್‌ನಾಗ ಬಂದದೇನು? ಅವರು ರೈಲು ಹತ್ತಿದ ಮ್ಯಾಲ ಗಡಿಯಾರ ನೋಡ್ತಾರ. ನಾ ಹೊಸ್ತಿಲ ದಾಟಿದಾಗಿಂದ ನೋಡ್ತೀನಿ. ಆ ಕಂಬಕ್ಕ ಹಾಕೋ ಕಬ್ಬಿಣ ಕೊಟ್ರ ಚಿತ್ತಾಪುರ, ಸೇಡಂ ತನಕಾ ಹಳಿ ಹಾಸ್ತೀನಿ. ಅದೂ ಹೋಗ್ಲಿ, ಡ್ರೈವರ್ ಇಲ್ಲಂದ್ರ ಕೈ ಮಾಡಿದ್ದು ಯಾರು ನೋಡ್ತಾರ?”

ನಾನು ಬುಟ್ಟಿ ಇಳಿಸಿ ಅದರ ಪಕ್ಕ ಕುಳಿತೆ. ಉಸಿರು ಇನ್ನೂ ಸಿಕ್ಕಿರಲಿಲ್ಲ.

ಅದೇ ವರ್ಷ ಖಣಿಗೆ ರೋಪ್‌ವೇ ಬಂತು. ತಲೆಯ ಮೇಲೆ ತಂತಿ, ತಂತಿಗೆ ಬಕೀಟು, ಬಕೀಟಿನಲ್ಲಿ ಕಲ್ಲು. ಅದಕ್ಕೂ ಡ್ರೈವರಿಲ್ಲ! ಹೊಸ ಸಾಹೇಬರು ಸಣ್ಣ ಗಾಡಿಯನ್ನು ಕಿತ್ತು ಹಾಕುತ್ತೇವೆಂದರು. ಕಲ್ಲು ಆಕಾಶದಲ್ಲಿ ಹೋಗುತ್ತದೆ, ಸರಿ. ಮೊಸರಿನ ಗಡಿಗೆ ಹೊತ್ತವರು? ಬಿಸಿಲಲ್ಲಿ ಎರಡು ಹರದಾರಿ ನಡೆಯಬೇಕು. ಮಾವ ಮೂರು ದಿನ ಸಾಹೇಬರ ಬಾಗಿಲಲ್ಲಿ ಕುಳಿತ. ಕೊನೆಗೆ ಅವರು, “ನಾನೇ ಕೂತು ನೋಡುತ್ತೇನೆ. ಇಪ್ಪತ್ತೈದು ನಿಮಿಷದಲ್ಲಿ ಊರು ಮುಟ್ಟಿಸಿದರೆ ಗಾಡಿ ಉಳಿಯುತ್ತದೆ” ಎಂದರು.

ಮಾವನಿಗೆ ಮೊದಲ ಸಲ ನನ್ನ ಅವಶ್ಯಕತೆ ಬಿತ್ತು. ನಾನು ಟೈಮ್‌ಟೇಬಲ್ ಬರೆದು ಎಂಜಿನ್ನಿಗೆ ಅಂಟಿಸಿದೆ. ಮನೆಮನೆಗೆ ಹೋಗಿ ಕಟ್ಟಪ್ಪಣೆ ಮಾಡಿದೆ: ನಾಳೆ ಒಂದು ದಿನ ಯಾರೂ ಕೈ ಮಾಡಬಾರದು! ಮರುದಿನ ಹಳಿಯ ಉದ್ದಕ್ಕೂ ಜನ ಕವಾಯತಿಗೆ ನಿಂತವರಂತೆ ಕೈ ಹಿಂದೆ ಕಟ್ಟಿಕೊಂಡು ನಿಂತಿದ್ದರು. ಒಬ್ಬಾಕೆ ಮೂಗಿನ ಮೇಲಿನ ನೊಣವನ್ನೂ ಓಡಿಸಲಿಲ್ಲ.

ಮುಕ್ಕಾಲು ದಾರಿ ನಿಮಿಷಕ್ಕೆ ನಿಮಿಷ ಸರಿಯಾಗಿ ಸಾಗಿತು. ನಾನು ಸಾಹೇಬರ ಪಕ್ಕದಲ್ಲಿ ಕುಳಿತು ಹಿಗ್ಗುತ್ತಿದ್ದೆ. ಬೇವಿನ ಮರದ ಹತ್ತಿರ ಮಾವ ಬ್ರೇಕು ಒತ್ತಿದ.

“ಯಾರೂ ಕೈ ಮಾಡಲಿಲ್ಲವಲ್ಲ, ಯಾಕೆ ನಿಲ್ಲಿಸಿದೆ?” ಎಂದರು ಸಾಹೇಬರು.

“ಆ ಕಡ್ಲಿ ಮಾರೋ ಮುದುಕಿ ದಿನಾ ನಿಂತಿರ್ತಾಳ್ರಿ. ಇವತ್ತು ಕುಂತಾಳ.”

ಅಷ್ಟು ಹೇಳಿ ಇಳಿದುಹೋದ. ಮುದುಕಿಗೆ ಮೈ ಕೆಂಡದಂತೆ ಸುಡುತ್ತಿತ್ತು, ಮಾತು ಹೊರಡುತ್ತಿರಲಿಲ್ಲ. ಅವಳನ್ನು ಎತ್ತಿ ತಂದು ಸಾಹೇಬರ ಬೆಂಚಿನ ಮೇಲೆಯೇ ಮಲಗಿಸಿದ. ಸಾಹೇಬರು ಎದ್ದು ನಿಂತರು. ಆಸ್ಪತ್ರೆಯ ಬಾಗಿಲಲ್ಲಿ ಇನ್ನೊಮ್ಮೆ ನಿಲ್ಲಿಸಿ, ಅವಳನ್ನು ಇಳಿಸಿ, ಊರು ಮುಟ್ಟುವಾಗ ಒಂಬತ್ತು ನಿಮಿಷ ತಡ.

ಮಾವ ಟೊಪ್ಪಿಗೆ ತೆಗೆದು ನಿಂತ. ಸಾಹೇಬರು ಮೇಲೆ ತೂಗುತ್ತ ಹೋಗುತ್ತಿದ್ದ ಬಕೀಟುಗಳನ್ನು ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಎಂಜಿನ್ನಿನ ಹತ್ತಿರ ಬಂದು, ನನ್ನ ಟೈಮ್‌ಟೇಬಲನ್ನು ಕಿತ್ತು ಜೇಬಿಗೆ ಹಾಕಿಕೊಂಡು ಹೋದರು. ಗಾಡಿ ಉಳಿಯಿತು!

ಮಾವ ನಿವೃತ್ತನಾದ ಮೇಲೆ ಹಿಂದಿನ ಡಬ್ಬಿಯ ಬ್ರೇಕು ನೋಡಿಕೊಳ್ಳುತ್ತಿದ್ದ ಹುಡುಗನೇ ಡ್ರೈವರಾದ. ದಿನಾ ಬೆಳಿಗ್ಗೆ ಮಾವ ಮನೆಯ ಮುಂದಿನ ಕಟ್ಟೆಯ ಮೇಲೆ ಕುಳಿತು ಕೋಲು ಎತ್ತುತ್ತಿದ್ದ. ಗಾಡಿ ನಿಲ್ಲುತ್ತಿತ್ತು. ಹತ್ತುವುದು ನಾನೊಬ್ಬಳೇ. ಆದರೂ ಮಾವ ಕೈಯಾಡಿಸಿ ಅಪ್ಪಣೆ ಕೊಟ್ಟ ಮೇಲೆಯೇ ಗಾಡಿ ಹೊರಡುವುದು.

ಒಂದು ದಿನ ಜ್ವರ ಬಂದು ಮಾವ ಒಳಗೆ ಮಲಗಿದ್ದ. ನಾನೇ ಕೈ ಮಾಡಿ ಗಾಡಿ ಹತ್ತಿ ಕುಳಿತೆ. ಗಾಡಿ ಹೊರಡಲಿಲ್ಲ. ಡ್ರೈವರು ಕಟ್ಟೆಯನ್ನೇ ನೋಡುತ್ತಿದ್ದ.

“ಮಾಮಾ ಎಲ್ಲಿ ಅಕ್ಕೋರ?”

ನಾನು ಇಳಿದು ಒಳಗೆ ಹೋದೆ. ಮಾವ ಕಣ್ಣು ತೆರೆದ.

“ಗಾಡಿ ಯಾಕ ನಿಂತದ? ಟೈಮ್ ಆಗ್ಯದ, ಹೋಗಂತ ಹೇಳವ್ವ.”

“ಹೋಗಲ್ಲಂತಾನ ಮಾಮಾ.”

“ಯಾಕಂತ?”

“ನೀ ಇವತ್ತು ಕಟ್ಟಿ ಮ್ಯಾಲ ಕುಂತಿಲ್ಲಂತ.”

ಮಾವ ಗೋಡೆಯ ಕಡೆ ಹೊರಳಿ ಕೌದಿಯಿಂದ ಮುಖ ಮುಚ್ಚಿಕೊಂಡ. ಆಮೇಲೆ ಕೌದಿಯ ಹೊರಗೆ ಒಂದು ಕೈ ಬಂದು, ಹೋಗು ಎಂಬಂತೆ ಆಡಿತು.

ನಾನು ಆ ಕೈ ಹಿಡಿದುಕೊಂಡು ಕುಳಿತೆ. ಹೊರಗೆ ಗಾಡಿ ಕಾಯುತ್ತಿತ್ತು. ಶಾಲೆಗೆ ಅಂದು ಎಷ್ಟು ತಡವಾಯಿತೋ ನನಗೆ ಗೊತ್ತಿಲ್ಲ. ಗಡಿಯಾರ ನೋಡಲಿಲ್ಲ.