ಕಾಂತರಾಜು ಅವರ ಭುಜವೇರಿ ಕೂತ ಫೋನಿಗೆ

ಮಾನ್ಯರೇ,

ಹನಗೋಡಿನ ಕಡೆಯಿಂದ ದಿನಾ ಬೆಳಿಗ್ಗೆ ಹೊಗೆಸೊಪ್ಪು ಗ್ರೇಡ್ ಮಾಡುವ ಕೂಲಿಗೆ ಲಗೇಜ್ ಆಟೋದ ಹಿಂಭಾಗದಲ್ಲಿ ನಿಂತು ಹೋಗುವ ಹೆಂಗಸರೆಲ್ಲರ ಪರವಾಗಿ ತಮಗೆ ಸಾಷ್ಟಾಂಗ ನಮಸ್ಕಾರಗಳು. ನಿಂತಲ್ಲಿಂದಲೇ ಮಾಡುತ್ತಿದ್ದೇವೆ, ಅಡ್ಡ ಬೀಳಲು ಆ ಗಾಡಿಯಲ್ಲಿ ಜಾಗವಿಲ್ಲ. ತಾವು ಇಷ್ಟು ದಿನ ನಮ್ಮ ಡ್ರೈವರ್ ಕಾಂತರಾಜು ಅವರ ಎಡಗಿವಿಗೂ ಎಡಭುಜಕ್ಕೂ ನಡುವೆ ಕ್ಷೇಮವಾಗಿದ್ದಿರೆಂದು ನಂಬಿದ್ದೇವೆ. ಆಟೋದಲ್ಲಿ ಯಾರಾದರೂ ಗಟ್ಟಿಯಾಗಿ ಹಿಡಿದುಕೊಂಡಿದ್ದದ್ದು ತಮ್ಮನ್ನು ಮಾತ್ರ.

ಹೊಗೆಸೊಪ್ಪಿನ ಹರಾಜು ಶುರುವಾದಾಗಿನಿಂದ ತಾವು ಮಾಡಿದ ಸೇವೆ ಸಣ್ಣದಲ್ಲ. ಇವತ್ತು ಸೊಪ್ಪು ಯಾವ ರೇಟಿಗೆ ಹೋಯಿತೆಂಬ ಸುದ್ದಿ ಮೊದಲು ತಮಗೆ, ತಮ್ಮಿಂದ ಕಾಂತರಾಜು ಅವರಿಗೆ, ಅವರಿಂದ ಟೀ ಅಂಗಡಿಗಳ ಮುಂದೆ ಕೈಬೀಸಿ ಕೇಳುವ ಜಮೀನುದಾರರಿಗೆಲ್ಲ ತಲುಪುತ್ತಿತ್ತು. ಗಾಡಿ ನಿಲ್ಲಿಸಿ ಹೇಳಿದರೆ ಹೊತ್ತಾಗುತ್ತದೆಂದು ಅವರು ಓಡಿಸುತ್ತಲೇ ಬೆರಳಿನಲ್ಲಿ ತೋರಿಸುತ್ತಿದ್ದರು: ನೂರಕ್ಕೆ ಒಂದು ಕೈ, ಹತ್ತಕ್ಕೆ ಇನ್ನೊಂದು ಕೈ. ರೇಟು ಬಿದ್ದಿದ್ದ ವರ್ಷ ಒಂದೇ ಕೈ ಸಾಕಾಗುತ್ತಿತ್ತು, ನಾವೂ ಬದುಕಿಕೊಂಡಿದ್ದೆವು. ಈ ವರ್ಷ ಸೊಪ್ಪಿಗೆ ಒಳ್ಳೆಯ ಕಾಲ ಬಂದು ಸ್ಟೀರಿಂಗಿಗೆ ಕೈಯೇ ಉಳಿದಿರಲಿಲ್ಲ. ಏರುವ ರೇಟು ಜಮೀನುದಾರರದ್ದು. ನಮ್ಮ ಕೂಲಿ ಏರಿದ್ದನ್ನು ಯಾವ ಬೆರಳೂ ತೋರಿಸಿದ್ದಿಲ್ಲ.

ಹೋದ ಸೋಮವಾರ ರೇಟು ಎಷ್ಟು ಚೆನ್ನಾಗಿತ್ತೆಂದರೆ ಕಾಂತರಾಜು ಅವರು ಎರಡು ಕೈಯನ್ನೂ ಕಿಟಕಿಯ ಕಡೆ ಚಾಚಿದರು. ಆಟೋ ತನಗೆ ತೋಚಿದ ದಾರಿ ಹಿಡಿದು, ತಿಮ್ಮಯ್ಯನವರು ರಸ್ತೆಯ ಮೇಲೆ ಒಕ್ಕಿ ಅಂಚಿಗೆ ಗುಡ್ಡೆ ಹಾಕಿದ್ದ ಹುರುಳಿ ಹೊಟ್ಟಿಗೆ ನುಗ್ಗಿ ನಿಂತಿತು. ಗುಡ್ಡೆಯಾಚೆ ನಾಲೆ. ರಸ್ತೆಯಲ್ಲಿ ಒಕ್ಕಣೆ ಮಾಡುತ್ತಾರೆಂದು ತಿಮ್ಮಯ್ಯನವರನ್ನು ದಿನಾ ಬೈಯುತ್ತಿದ್ದ ನಾವೇ ಅವತ್ತು ಆ ಹೊಟ್ಟಿಗೆ ಕೈಮುಗಿದೆವು. ಕಾಂತರಾಜು ಅವರು ಮೊದಲು ಎತ್ತಿದ್ದು ಹೊಟ್ಟಿನಲ್ಲಿ ಬಿದ್ದಿದ್ದ ತಮ್ಮನ್ನು. ಅಂಗಿಯಲ್ಲಿ ಒರೆಸಿ, ಕಿವಿಗಿಟ್ಟು, "ಏನಿಲ್ಲ, ಯೋಳಣ್ಣೋ" ಅಂದರು. ಆ ಏನಿಲ್ಲ ಎಂಬುದರಲ್ಲಿ ನಮ್ಮ ಸುಂದ್ರಮ್ಮನ ಮುರಿದ ಬಲ ಮಣಿಕಟ್ಟೂ ಸೇರಿತ್ತು. ಎಲೆಯ ಬಣ್ಣ, ತೂಕ ನೋಡಿ ವಿಂಗಡಿಸುವ ಅದೇ ಕೈಯಿಂದ ಆಕೆಯ ಒಲೆ ಉರಿಯುತ್ತದೆ. ಈಗ ಪಟ್ಟಿ ಕಟ್ಟಿಕೊಂಡು, ಎಡಗೈಯಲ್ಲಿ ಉದುರಿದ ಸೊಪ್ಪು ಆರಿಸಲು ಅರ್ಧ ಕೂಲಿಗೆ ಬರುತ್ತಿದ್ದಾಳೆ, ಅದೇ ಆಟೋದಲ್ಲಿ. ಬೇರೆ ಗಾಡಿ ಇಲ್ಲ.

ಆದ್ದರಿಂದ ಮಾನ್ಯರೇ, ತಾವೇ ದಯವಿಟ್ಟು ಒಂದು ಲೈಸೆನ್ಸ್ ಮಾಡಿಸಿಕೊಂಡು ಸ್ಟೀರಿಂಗ್ ಹಿಡಿಯಬೇಕು, ಕಾಂತರಾಜು ಅವರ ಬೆರಳುಗಳು ಲೋಕಸೇವೆಗೆ ಬಿಡುವಾಗುತ್ತವೆ. ಅದಾಗದಿದ್ದರೆ ಅವರಿಗೆ ಮೂರನೆಯ ಕೈಯೊಂದನ್ನು ಡೌನ್‌ಲೋಡ್ ಮಾಡಿಕೊಡಬೇಕು. ಅದೂ ಆಗದೆಂದು ಗೊತ್ತಿದ್ದೇ ನಾವು ಗುರುವಾರ ಆಟೋ ಹತ್ತದೆ ರಸ್ತೆಯಲ್ಲಿ ಕೂತೆವು. ತಮ್ಮನ್ನು ಸುಂದ್ರಮ್ಮನ ಬುತ್ತಿ ಚೀಲಕ್ಕೆ ಹಾಕುವ ತನಕ ಏಳುವುದಿಲ್ಲವೆಂದೆವು. ಅರ್ಜೆಂಟ್ ಕಾಲ್ ಬಂದರೆ ಏನು ಮಾಡಲಿ ಎಂದು ಕಾಂತರಾಜು ಅವರು ಗೋಗರೆದರು. ಸುಂದ್ರಮ್ಮ ಎಡಗೈಯಲ್ಲೇ ಚೀಲದ ಬಾಯಿ ಅಗಲಿಸಿ ಹಿಡಿದಳು.

"ಬಡ್ಕಂಡು ಬಡ್ಕಂಡು ಸುಮ್ಕಾಯ್ತದೆ ಬುಡು. ರೇಟು ನಾಳೀಕೂ ಇರ್ತದೆ ಕಣ್ಲಾ, ನಾವಿರಬ್ಯಾಡ್ವಾ?"

ಅಂದಿನಿಂದ ತಾವು ಮುದ್ದೆ ಉಪ್ಪೆಸರಿನ ಪಕ್ಕ ಪ್ರಯಾಣಿಸುತ್ತಿದ್ದೀರಿ. ಟೀ ಅಂಗಡಿಯವರು ಕೈಬೀಸಿದರೆ ನಾವೇ ಹಿಂದಿನಿಂದ ಬೆರಳು ತೋರಿಸುತ್ತೇವೆ, ಅದು ಯಾವ ಬೆರಳೆಂದು ಕೇಳಬಾರದು. ಸಾರಿನ ವಾಸನೆಯಿಂದ ತಮ್ಮ ಘನತೆಗೆ ಕುಂದಾಗಿದ್ದರೆ ಕ್ಷಮೆ ಇರಲಿ, ಆದರೆ ಸುಂದ್ರಮ್ಮನ ಕೈ ಕೂಡುವ ತನಕ, ಕೂಡಿದ ಮೇಲೂ, ತಮಗೆ ಅದೇ ಸೀಟು.

ಬದುಕಿರುವವರೆಗೂ ತಮ್ಮ ವಿಶ್ವಾಸಿ,
ಸಂಘಮಿತ್ರ
ಆಟೋದ ಹಿಂದಿನ ಸಾಲಿನಿಂದ

ಮರೆತ ಮಾತು: ಅವತ್ತು ಸುಂದ್ರಮ್ಮನಿಗೆ ಆಂಬುಲೆನ್ಸ್ ಕರೆಸಲು ನಾವೆಲ್ಲ ಓಡಿಬಂದದ್ದು ತಮ್ಮ ಬಳಿಗೇ. ತಮ್ಮಲ್ಲಿ ಚಾರ್ಜ್ ಇರಲಿಲ್ಲ. ಇದ್ದಷ್ಟನ್ನೂ ಹೊಗೆಸೊಪ್ಪಿನ ರೇಟು ಹೇಳಿ ಮುಗಿಸಿದ್ದಿರಿ.